ಬಾಲಿ ದ್ವೀಪದಲ್ಲೊಂದು ಮನೆ: ಕೊಳ್ಳುವ ಮುನ್ನ ಕೇಳಬೇಕಾದ ಮೂರು ಮಾತು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಈ ಎರಡೂ ಕಾರ್ಯಗಳಲ್ಲಿ ಗೃಹಸ್ಥನ ಹಣ, ತಾಳ್ಮೆ ಮತ್ತು ವಿವೇಕಗಳು ಒಟ್ಟಿಗೇ ಪರೀಕ್ಷೆಗೆ ಒಳಗಾಗುತ್ತವೆ ಎಂಬುದು ಹಿರಿಯರ ಅನುಭವದ ಸಾರ. ಹುಟ್ಟಿದ ಊರಿನಲ್ಲಿ, ಪರಿಚಯದ ಗವಂಡಿಯನ್ನು ಕರೆಸಿ, ಕಣ್ಣೆದುರಿಗೇ ಕಟ್ಟಿಸುವ ಮನೆಯೇ ಇಷ್ಟು ಪರೀಕ್ಷಿಸುವುದಾದರೆ, ಕಡಲಾಚೆಯ ದ್ವೀಪದಲ್ಲಿ, ಭಾಷೆ ತಿಳಿಯದ ನಾಡಿನಲ್ಲಿ, ವೈಭವದ ಮನೆಯೊಂದನ್ನು ಮಾಡಿಕೊಳ್ಳಲು ಹೊರಟವನ ಪಾಡೇನು?

ಈ ಪ್ರಶ್ನೆ ಇಂದು ಅಪರೂಪದ್ದಲ್ಲ. ನಮ್ಮ ಅನೇಕ ಮನೆತನಗಳ ಮಕ್ಕಳು ಸಿಂಗಪುರ, ದುಬೈ, ಆಸ್ಟ್ರೇಲಿಯಾಗಳಲ್ಲಿ ದುಡಿಯುತ್ತಿದ್ದಾರೆ. ಅವರು ರಜೆಯಲ್ಲಿ ಹೋಗುವ ಸ್ಥಳಗಳಲ್ಲಿ ಇಂಡೋನೇಷ್ಯಾದ ಬಾಲಿ ದ್ವೀಪಕ್ಕೆ ದೊಡ್ಡ ಹೆಸರು. 2024ರಲ್ಲಿ ಆ ಪುಟ್ಟ ದ್ವೀಪಕ್ಕೆ ಸುಮಾರು 63 ಲಕ್ಷ ವಿದೇಶಿ ಪ್ರವಾಸಿಗರು ಬಂದರು. ಅವರಲ್ಲಿ ಆಸ್ಟ್ರೇಲಿಯನ್ನರನ್ನು ಬಿಟ್ಟರೆ ಭಾರತೀಯರದೇ ಅಧಿಕ ಸಂಖ್ಯೆ. ಒಂದು ವಾರದ ಮಟ್ಟಿಗೆ ಹೋದವರಲ್ಲಿ ಕೆಲವರು, ಅಲ್ಲಿ ತಮ್ಮದೇ ಆದ ಒಂದು ಮನೆಯಿರಲಿ ಎಂಬ ಆಸೆಯನ್ನು ಹೊತ್ತು ಮರಳುತ್ತಾರೆ. ಮುಂದೆ ಮೆಟ್ಟಿಲು ಮೆಟ್ಟಿಲಾದ ಭತ್ತದ ಗದ್ದೆ, ಹಿಂದೆ ತೆಂಗಿನ ತೋಪು, ನಡುವೆ ಈಜುಕೊಳವುಳ್ಳ ವಿಲ್ಲಾ. ಚಿತ್ರ ಸುಂದರವಾಗಿದೆ, ಸುಳ್ಳೂ ಅಲ್ಲ. ಆದರೆ ಅದು ಪೂರ್ಣ ಚಿತ್ರವಲ್ಲ.

ಧಾರವಾಡದ ಕಡೆಯ ಒಂದು ಒಕ್ಕಲುತನದ ಮನೆಯನ್ನು ಊಹಿಸಿಕೊಳ್ಳೋಣ. ಸಿಂಗಪುರದಲ್ಲಿರುವ ಮಗ ದೂರವಾಣಿಯಲ್ಲಿ, "ಅಪ್ಪಾ, ಬಾಲಿಯಾಗ ಒಂದು ಮನಿ ನೋಡೀನಿ. ಐದು ಗುಂಟೆ ಜಾಗಾ. ಮುಂದ ಭತ್ತದ ಗದ್ದಿ ಅದಾವ" ಎನ್ನುತ್ತಾನೆ. ತಂದೆ ತುಸು ಹೊತ್ತು ಸುಮ್ಮನಿದ್ದು, "ಛಲೋ ಆತು ತಮ್ಮಾ. ಉತಾರದಾಗ ಯಾರ ಹೆಸರೈತಿ? ನೀರು ಎಲ್ಲಿಂದ ಬರ್ತೈತಿ? ಆಜೂಬಾಜೂ ಯಾರದಾರ?" ಎಂದು ಕೇಳುತ್ತಾರೆ. ಹೊಲ ಕೊಳ್ಳುವಾಗ ನಮ್ಮ ರೈತರು ತಲೆತಲಾಂತರದಿಂದ ಕೇಳಿಕೊಂಡು ಬಂದ ಮಾತುಗಳಿವು. ಬಾಲಿಯ ಮನೆಗೂ ಈ ಮೂರೇ ಮಾತು ಸಾಕು. ಆದರೆ ಮೂರಕ್ಕೂ ಸರಿಯಾದ ಉತ್ತರ ದೊರೆಯಬೇಕು.

ದ್ವೀಪದ ಮನೆ ಹೇಗಿರುತ್ತದೆ?

ಬಾಲಿಯು ಜಾವಾ ಮತ್ತು ಲೊಂಬೋಕ್ ದ್ವೀಪಗಳ ನಡುವೆ, ಭೂಮಧ್ಯರೇಖೆಯಿಂದ ಸುಮಾರು 8 ಡಿಗ್ರಿ ದಕ್ಷಿಣಕ್ಕಿದೆ. ವಿಸ್ತಾರದಲ್ಲಿ ನಮ್ಮ ಬೀದರ ಜಿಲ್ಲೆಗಿಂತ ತುಸು ದೊಡ್ಡದು. 2020ರ ಜನಗಣತಿಯಂತೆ ಜನಸಂಖ್ಯೆ ಸುಮಾರು 43 ಲಕ್ಷ. ಮುಸ್ಲಿಮರೇ ಬಹುಸಂಖ್ಯಾತರಾದ ಇಂಡೋನೇಷ್ಯಾದಲ್ಲಿ ಈ ದ್ವೀಪದ ಜನರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಹಿಂದೂಗಳು. ಅವರ ಬದುಕಿನ ತಳಹದಿಯಾದ ತತ್ತ್ವಕ್ಕೆ 'ತ್ರಿ ಹಿತ ಕರಣ' ಎಂದು ಹೆಸರು. ದೇವರೊಡನೆ, ಸಹಮಾನವರೊಡನೆ, ಪ್ರಕೃತಿಯೊಡನೆ ಹೊಂದಿಕೊಂಡು ಬಾಳುವುದೇ ಹಿತಕ್ಕೆ ಮೂರು ಕಾರಣಗಳು ಎಂಬುದು ಅದರ ಅರ್ಥ.

ಬಾಲಿಯವರ ಸಾಂಪ್ರದಾಯಿಕ ಮನೆ ಒಂದೇ ಕಟ್ಟಡವಲ್ಲ. ಸುತ್ತುಗೋಡೆಯೊಳಗೆ, ಅಂಗಳದ ಸುತ್ತ ಬೇರೆ ಬೇರೆಯಾಗಿ ನಿಂತ ಹಲವು ಮಂಟಪಗಳ ಸಮೂಹವದು. ಮಲಗಲು ಒಂದು, ಮಂಗಳಕಾರ್ಯಗಳಿಗೆ ಒಂದು, ಅಡುಗೆಗೆ ಒಂದು, ಧಾನ್ಯಕ್ಕೆ ಒಂದು. ಪರ್ವತದ ದಿಕ್ಕು ಪವಿತ್ರ, ಕಡಲಿನ ದಿಕ್ಕು ಅದಕ್ಕಿಂತ ಕೆಳಗಿನದು ಎಂದು ಅವರು ಎಣಿಸುತ್ತಾರೆ. ಆದುದರಿಂದ ಪರ್ವತ ಮತ್ತು ಮೂಡಣ ದಿಕ್ಕುಗಳು ಕೂಡುವ ಮೂಲೆಯಲ್ಲಿ ಮನೆದೇವರ ಗುಡಿ ಇರುತ್ತದೆ. ಅಡುಗೆಮನೆ ಕಡಲಿನ ಕಡೆಗೆ. ಈ ವಾಸ್ತುಶಾಸ್ತ್ರಕ್ಕೆ 'ಅಷ್ಟ ಕೋಸಲ ಕೋಸಲಿ' ಎಂದು ಹೆಸರು. ಇದರಲ್ಲಿ ಅಳತೆಗೋಲು ಮನೆಯೊಡೆಯನ ದೇಹವೇ: ಚಾಚಿದ ತೋಳುಗಳ ಅಳತೆ, ಪಾದದ ಅಳತೆ. ಮರದ ಕಂಬವನ್ನು ನಿಲ್ಲಿಸುವಾಗ ಬೇರಿನ ಕಡೆಯ ತುದಿ ಕೆಳಗೇ ಇರಬೇಕು. ತಲೆಕೆಳಗಾಗಿ ನಿಲ್ಲಿಸಿದರೆ ಮನೆಗೆ ಕೇಡು ಎಂಬುದು ನಂಬಿಕೆ. ಕಟ್ಟಿ ಮುಗಿದ ಮೇಲೆ 'ಮೆಲಸ್ಪಸ್' ಎಂಬ ಶಾಂತಿಕರ್ಮ ನಡೆದ ಹೊರತು ಯಾರೂ ಒಳಗೆ ವಾಸಕ್ಕೆ ಹೋಗುವುದಿಲ್ಲ.

ಇಂದಿನ ಶ್ರೀಮಂತ ವಿಲ್ಲಾಗಳಲ್ಲಿ ಉತ್ತಮವಾದವು ಈ ಹಳೆಯ ಮನೆಯ ಮಕ್ಕಳೇ. ಶ್ರೀಲಂಕೆಯ ಪ್ರಸಿದ್ಧ ವಾಸ್ತುಶಿಲ್ಪಿ ಜೆಫ್ರಿ ಬಾವಾ (1919-2003) ಅವರು 1970ರ ದಶಕದಲ್ಲಿ ಸಾನೂರು ಕಡಲತೀರದ ಬಾತುಜಿಂಬಾರ್‌ನಲ್ಲಿ ರೂಪಿಸಿದ ಮನೆಗಳು ಇದೇ ಅಂಗಳ ಮತ್ತು ಮಂಟಪಗಳ ಕ್ರಮವನ್ನು ಅನುಸರಿಸಿದವು. ಆ ಕ್ರಮದಲ್ಲಿ ಹವೆಯ ತಿಳಿವಳಿಕೆ ಅಡಗಿದೆ. ಹೆಚ್ಚುಕಡಿಮೆ ನವೆಂಬರಿನಿಂದ ಮಾರ್ಚಿಯವರೆಗೆ ಅಲ್ಲಿ ಜಡಿಮಳೆ. ಗಾಳಿಯಲ್ಲಿ ಸದಾ ತೇವ, ಕಡಲಂಚಿನಲ್ಲಿ ಉಪ್ಪು. ಅಗಲವಾಗಿ ಚಾಚಿದ ಸೂರು ಮಳೆಯನ್ನು ಗೋಡೆಯಿಂದ ದೂರವಿಡುತ್ತದೆ; ಎತ್ತರದ ಇಳಿಜಾರು ಚಾವಣಿ ಬಿಸಿಗಾಳಿಯನ್ನು ಮೇಲಕ್ಕೆಳೆಯುತ್ತದೆ. ಇದನ್ನು ಅರಿಯದೆ ನಾಲ್ಕೂ ಕಡೆ ಗಾಜು ಹಾಕಿ, ಚಪ್ಪಟೆ ಕಾಂಕ್ರೀಟ್ ಚಾವಣಿ ಕಟ್ಟಿದವರ ಮನೆಯಲ್ಲಿ ಹಗಲೂ ರಾತ್ರಿ ಹವಾನಿಯಂತ್ರಕ ಓಡಬೇಕು. ಆದರೂ ಗೋಡೆಗೆ ಬೂಷ್ಟು ಹಿಡಿಯುವುದು ತಪ್ಪದು.

ಹುಲ್ಲಿನ ಚಾವಣಿ ನೋಡಲು ಚೆನ್ನ, ತಂಪೂ ಹೌದು. ಆದರೆ ಕೆಲವು ವರ್ಷಗಳಿಗೊಮ್ಮೆ ಹೊಸದಾಗಿ ಹೊದಿಸಬೇಕು. ಬಿದಿರನ್ನು ಬೋರೇಟ್ ಲವಣದ ದ್ರಾವಣದಲ್ಲಿ ಸಂಸ್ಕರಿಸದಿದ್ದರೆ ಹುಳು ತಿಂದು ಪುಡಿಮಾಡುತ್ತದೆ. ಮರಕ್ಕೆ ಗೆದ್ದಲಿನ ಭಯ. ಜೊತೆಗೆ ಇದು ಜ್ವಾಲಾಮುಖಿಯ, ಭೂಕಂಪದ ನಾಡು. 1963ರಲ್ಲಿ ಆಗುಂಗ್ ಪರ್ವತ ಸ್ಫೋಟಗೊಂಡಾಗ ಸಾವಿರಕ್ಕೂ ಹೆಚ್ಚು ಜನ ಮಡಿದರು. 2017ರಲ್ಲಿ ಅದು ಮತ್ತೆ ಬೂದಿ ಉಗುಳಿತು. ಆದುದರಿಂದ ಭೂಕಂಪವನ್ನು ತಾಳುವ ಅಡಿಪಾಯ, ಕಂಬ, ತೊಲೆಗಳ ಲೆಕ್ಕವನ್ನು ಬಲ್ಲ ಎಂಜಿನಿಯರರಿಂದಲೇ ಮಾಡಿಸಬೇಕು.

ಮೊದಲ ಮಾತು: ಉತಾರದಲ್ಲಿ ಯಾರ ಹೆಸರು?

ಇಂಡೋನೇಷ್ಯಾದ 1960ರ ಭೂಕಾನೂನಿನ ಪ್ರಕಾರ ಭೂಮಿಯ ಪೂರ್ಣ ಒಡೆತನ ಆ ದೇಶದ ಪ್ರಜೆಗಳಿಗೆ ಮಾತ್ರ. ಇದಕ್ಕೆ 'ಹಕ್ ಮಿಲಿಕ್' ಎಂದು ಹೆಸರು. ಈ ಹೆಸರಿನಲ್ಲಿ ನಮ್ಮ 'ಹಕ್ಕು' ಮತ್ತು 'ಮಾಲೀಕ' ಎಂಬ ಪದಗಳ ಬಂಧುಗಳೇ ಇರುವುದನ್ನು ಓದುಗರು ಗಮನಿಸಬಹುದು. ವಿದೇಶೀಯನಿಗೆ ಈ ಹಕ್ಕು ಎಷ್ಟು ಹಣ ಕೊಟ್ಟರೂ ದೊರೆಯದು. ಅವನಿಗೆ ತೆರೆದಿರುವ ದಾರಿಗಳು ಮುಖ್ಯವಾಗಿ ಮೂರು.

ಮೊದಲನೆಯದು ಗುತ್ತಿಗೆ. ಸಾಮಾನ್ಯವಾಗಿ 25 ಅಥವಾ 30 ವರ್ಷಗಳ ಅವಧಿಗೆ ಜಮೀನನ್ನು ಪಡೆದು, ಅಷ್ಟೂ ವರ್ಷಗಳ ಹಣವನ್ನು ಮುಂಗಡವಾಗಿ ಒಮ್ಮೆಲೇ ಕೊಡುವುದು ರೂಢಿ. ಅಲ್ಲಿ ಜಮೀನಿನ ಅಳತೆ 'ಆರ್' ಲೆಕ್ಕದಲ್ಲಿ. ಒಂದು ಆರ್ ಎಂದರೆ 100 ಚದರ ಮೀಟರ್. ಹೆಚ್ಚುಕಡಿಮೆ ನಮ್ಮ ಒಂದು ಗುಂಟೆ. ಎರಡನೆಯದು 'ಹಕ್ ಪಾಕಾಯಿ', ಅಂದರೆ ಬಳಕೆಯ ಹಕ್ಕು. ಆ ದೇಶದಲ್ಲಿ ವಾಸದ ಪರವಾನಿಗೆಯುಳ್ಳ ವಿದೇಶೀಯನಿಗೆ ಇದು ಮೊದಲು 30 ವರ್ಷ, ಬಳಿಕ 20, ಮತ್ತೆ 30 ಹೀಗೆ ದೊರೆಯಬಹುದು. ಇಂಥ ಮನೆಗೆ ಸರ್ಕಾರ ಕನಿಷ್ಠ ಬೆಲೆಯನ್ನೂ ಜಮೀನಿಗೆ ಗರಿಷ್ಠ ಮಿತಿಯನ್ನೂ ಗೊತ್ತುಮಾಡಿದೆ. ಮೂರನೆಯದು, ವಿದೇಶಿ ಬಂಡವಾಳದ ಕಂಪನಿಯೊಂದನ್ನು ಅಲ್ಲಿ ನೋಂದಾಯಿಸಿ, ಅದರ ಹೆಸರಿನಲ್ಲಿ ಕಟ್ಟಡ ಕಟ್ಟುವ ಹಕ್ಕನ್ನು ಪಡೆಯುವುದು. ಇದು ವ್ಯಾಪಾರಸ್ಥರ ದಾರಿ. ವಾಸಕ್ಕೆಂದು ಮನೆ ಬಯಸುವವರಿಗೆ ತಕ್ಕುದಲ್ಲ.

ಈ ಮೂರನ್ನೂ ಬಿಟ್ಟು ನಾಲ್ಕನೆಯ ದಾರಿಯೊಂದನ್ನು ದಲ್ಲಾಳಿಗಳು ತೋರಿಸುವುದುಂಟು. ಸ್ಥಳೀಯ ವ್ಯಕ್ತಿಯೊಬ್ಬನ ಹೆಸರಿನಲ್ಲಿ ಜಮೀನು ಕೊಂಡು, ಅವನಿಂದ ಸಾಲಪತ್ರ, ಮುಖ್ತಿಯಾರ್ ಪತ್ರಗಳನ್ನು ಬರೆಯಿಸಿಕೊಳ್ಳುವುದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬೇನಾಮಿ ವ್ಯವಹಾರ. 1960ರ ಕಾನೂನಿನ 26ನೆಯ ವಿಧಿ ಈ ವಿಷಯದಲ್ಲಿ ಬಹಳ ನಿಷ್ಠುರ. ವಿದೇಶೀಯನಿಗೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಒಡೆತನವನ್ನು ದಾಟಿಸುವ ಕರಾರು ಅಸಿಂಧು. ಜಮೀನು ಸರ್ಕಾರದ ವಶವಾಗುತ್ತದೆ. ಕೊಟ್ಟ ಹಣವನ್ನು ಮರಳಿ ಕೇಳುವ ಅಧಿಕಾರವೂ ಇಲ್ಲ. ಹೆಸರು ಕೊಟ್ಟವನು ತೀರಿಕೊಂಡರೆ ಅವನ ಹೆಂಡತಿ ಮಕ್ಕಳು ಜಮೀನು ತಮ್ಮದೆನ್ನಬಹುದು. ಆಗ ವಿದೇಶೀಯನು ಯಾವ ನ್ಯಾಯಾಲಯದ ಮೆಟ್ಟಿಲು ಹತ್ತಿದರೂ ತನ್ನ ಕರಾರು ಕಾನೂನುಬಾಹಿರವೆಂದು ತಾನೇ ಒಪ್ಪಿಕೊಂಡಂತಾಗುತ್ತದೆ.

ಗುತ್ತಿಗೆಯ ದಾರಿ ಹಿಡಿದವನೂ ಒಂದು ಸತ್ಯವನ್ನು ಅರಿತಿರಬೇಕು. ಅವನು ಕೊಂಡದ್ದು ಭೂಮಿಯನ್ನಲ್ಲ, ವರ್ಷಗಳನ್ನು. 25 ವರ್ಷದ ಗುತ್ತಿಗೆಯಲ್ಲಿ ಹತ್ತು ವರ್ಷ ಕಳೆದ ಬಳಿಕ ಮನೆಯನ್ನು ಮಾರಿದರೆ, ಕೊಳ್ಳುವವನಿಗೆ ದೊರೆಯುವುದು ಹದಿನೈದು ವರ್ಷ ಮಾತ್ರ. ಅವಧಿ ತೀರಿದಾಗ ಅಮೃತಶಿಲೆಯ ನೆಲವೂ ತೇಗದ ಬಾಗಿಲೂ ಜಮೀನಿನ ಒಡೆಯನವೇ ಆಗಬಹುದು. ಮುಂದುವರಿಕೆಯ ಹಕ್ಕು, ಅದರ ಬೆಲೆಯನ್ನು ಗೊತ್ತುಮಾಡುವ ಕ್ರಮ, ತನ್ನ ಮರಣಾನಂತರ ಮಕ್ಕಳಿಗೆ ಹಕ್ಕು ದಾಟುವ ಬಗೆ ಇವೆಲ್ಲವೂ ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿರಬೇಕು. 'ಮಕ್ಕಳಿಗೊಂದು ಆಸ್ತಿ' ಎಂಬ ನಮ್ಮ ಲೆಕ್ಕಾಚಾರ ಅಲ್ಲಿ ತಾನಾಗಿ ಕೂಡಿಬರುವುದಿಲ್ಲ.

ಒಡೆಯನ ಹಕ್ಕುಪತ್ರವನ್ನು ಸರ್ಕಾರಿ ಭೂದಾಖಲೆ ಕಚೇರಿಯಲ್ಲಿ ತಾಳೆನೋಡಿಸುವುದು, ಪಿತ್ರಾರ್ಜಿತ ಜಮೀನಾದರೆ ಎಲ್ಲ ಪಾಲುದಾರರ ಒಪ್ಪಿಗೆ ಪಡೆಯುವುದು, ರಸ್ತೆಯಿಂದ ಜಮೀನಿಗೆ ದಾರಿಯ ಹಕ್ಕನ್ನು ಬರೆಯಿಸಿಕೊಳ್ಳುವುದು ಅಗತ್ಯ. ಕೃಷಿಗೆ ಮೀಸಲಾದ ಹಸಿರು ವಲಯದಲ್ಲಿ ಮನೆ ಕಟ್ಟಲು ಪರವಾನಿಗೆ ಇಲ್ಲ. 2025ರ ಜುಲೈ ತಿಂಗಳಿನಲ್ಲಿ ಬಿಂಗಿನ್ ಕಡಲತೀರದಲ್ಲಿ ಸರ್ಕಾರಿ ಜಾಗದಲ್ಲಿ ಅಕ್ರಮವಾಗಿ ಎದ್ದಿದ್ದ ನಲವತ್ತಕ್ಕೂ ಹೆಚ್ಚು ಕಟ್ಟಡಗಳನ್ನು ಸರ್ಕಾರ ಕೆಡವಿಸಿತು. ಅವುಗಳಲ್ಲಿ ಬಹುಕಾಲದಿಂದ ವ್ಯಾಪಾರ ನಡೆಸಿದ್ದವೂ ಇದ್ದವು. ಹಲವು ವರ್ಷ ಯಾರೂ ಕೇಳಲಿಲ್ಲ ಎಂಬುದು ಪರವಾನಿಗೆಯಾಗದು.

ಎರಡನೆಯ ಮಾತು: ನೀರು ಎಲ್ಲಿಂದ?

ವಿಲ್ಲಾದ ಮುಂದಿನ ಹಸಿರು ಗದ್ದೆ ತಾನಾಗಿ ಬೆಳೆದದ್ದಲ್ಲ. ಅದರ ಹಿಂದೆ 'ಸುಬಾಕ್' ಎಂಬ ನೀರಾವರಿ ಸಹಕಾರ ಪದ್ಧತಿಯಿದೆ. ಹನ್ನೊಂದನೆಯ ಶತಮಾನದ ಶಾಸನಗಳಲ್ಲಿಯೇ ಇದರ ಉಲ್ಲೇಖ ಕಾಣುತ್ತದೆ. ಒಂದೇ ಮೂಲದ ನೀರನ್ನು ಬಳಸುವ ರೈತರು ಒಂದು ಸುಬಾಕ್ ಆಗಿ ಸೇರಿ, ಕಾಲುವೆಗಳನ್ನು ಒಟ್ಟಾಗಿ ಕಾಯುತ್ತಾರೆ. ನೀರಿನ ದೇವಾಲಯದಲ್ಲಿ ಕಲೆತು, ಯಾರು ಎಂದು ನಾಟಿ ಮಾಡಬೇಕು, ಯಾವ ಗದ್ದೆ ಎಂದು ಬಿಡುವಾಗಿರಬೇಕು ಎಂಬುದನ್ನು ನಿಶ್ಚಯಿಸುತ್ತಾರೆ. ಅಕ್ಕಪಕ್ಕದ ಗದ್ದೆಗಳೆಲ್ಲ ಒಂದೇ ಕಾಲಕ್ಕೆ ಬಿಡುವಾದಾಗ ಕೀಟಗಳಿಗೆ ಆಹಾರವಿಲ್ಲದೆ ಅವು ನಾಶವಾಗುತ್ತವೆ. 1970ರ ದಶಕದಲ್ಲಿ ಹೆಚ್ಚು ಇಳುವರಿಯ ಆಸೆಗೆ ಈ ಕ್ರಮವನ್ನು ಮುರಿದು ಬಿಡುವಿಲ್ಲದೆ ಬೆಳೆ ತೆಗೆಯಲು ಹೋದಾಗ ಕೀಟಗಳ ಹಾವಳಿ ಮಿತಿಮೀರಿತು. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಅವರ ಅಧ್ಯಯನಗಳು ಹಳೆಯ ಕ್ರಮದ ಜಾಣ್ಮೆಯನ್ನು ಜಗತ್ತಿಗೆ ತಿಳಿಸಿದವು. 2012ರಲ್ಲಿ ಯುನೆಸ್ಕೊ ಈ ಸುಬಾಕ್ ಭೂದೃಶ್ಯವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಗದ್ದೆಗಳ ನಡುವೆ ಐದು ಗುಂಟೆ ಜಾಗ ವಿಲ್ಲಾ ಆಯಿತೆಂದರೆ ನಷ್ಟ ಐದು ಗುಂಟೆಯದಷ್ಟೇ ಅಲ್ಲ. ಅದರಲ್ಲಿ ಹಾದುಹೋಗುವ ಕಾಲುವೆಯನ್ನು ಮುಚ್ಚಿದರೆ ಅಥವಾ ತಿರುಗಿಸಿದರೆ ಕೆಳಗಿನ ಗದ್ದೆಗೆ ನೀರಿಲ್ಲ. ನೀರಿಲ್ಲದ ರೈತ ತನ್ನದನ್ನೂ ಮಾರುತ್ತಾನೆ. ಹೀಗೆ ಒಂದರ ಹಿಂದೊಂದು ಮೆಟ್ಟಿಲು ಕರಗುತ್ತದೆ. ಯಾವ ಹಸಿರಿಗೆ ಮರುಳಾಗಿ ಮನೆ ಕೊಂಡಿದ್ದನೋ, ಆ ಹಸಿರೇ ಕೆಲವು ವರ್ಷಗಳಲ್ಲಿ ಇನ್ನೊಂದು ವಿಲ್ಲಾದ ಹಿಂಗೋಡೆಯಾಗಿ ಅವನ ಕಿಟಕಿಯೆದುರು ನಿಲ್ಲುತ್ತದೆ.

ವಿಲ್ಲಾದ ಒಳಗಿನ ನೀರಿನ ಲೆಕ್ಕವೂ ಸಣ್ಣದಲ್ಲ. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಈಜುಕೊಳ 48,000 ಲೀಟರ್ ನೀರನ್ನು ಹಿಡಿಯುತ್ತದೆ. ದ್ವೀಪದ ದಕ್ಷಿಣ ಭಾಗದಲ್ಲಿ ಹೋಟೆಲು, ವಿಲ್ಲಾಗಳು ಕೊಳವೆಬಾವಿಗಳಿಂದ ಮಿತಿಮೀರಿ ನೀರೆತ್ತಿದ ಕಾರಣ ಅಂತರ್ಜಲ ಇಳಿದು, ಕೆಲವು ಕಡೆ ಕಡಲಿನ ಉಪ್ಪು ನೀರು ಒಳಸರಿದಿದೆ. ಇನ್ನೊಂದು ಕಡೆ, ಮಳೆನೀರನ್ನು ಹೀರುತ್ತಿದ್ದ ಗದ್ದೆಗಳು ಸಿಮೆಂಟಾದಾಗ ಆ ನೀರು ಹೋಗುವುದೆಲ್ಲಿಗೆ? 2025ರ ಸೆಪ್ಟೆಂಬರಿನಲ್ಲಿ ರಾಜಧಾನಿ ದೆನ್‌ಪಸಾರ್ ಹಾಗೂ ಸುತ್ತಣ ಪ್ರದೇಶಗಳಲ್ಲಿ ಮಹಾಪೂರ ಬಂದು ಹದಿನೈದಕ್ಕೂ ಹೆಚ್ಚು ಮಂದಿ ಅಸುನೀಗಿದರು. ಅದಾದ ಮೇಲೆ ಗದ್ದೆಗಳ ಪರಿವರ್ತನೆಯನ್ನು ತಡೆಯಬೇಕೆಂಬ ಕೂಗು ಅಲ್ಲಿಯೇ ಬಲವಾಯಿತು.

ಆದುದರಿಂದ ಮನೆ ಕಟ್ಟಿಸುವವನು ಮಳೆನೀರಿನ ತೊಟ್ಟಿ, ನೀರಿಂಗುವ ಅಂಗಳ, ಕೊಳಚೆಯನ್ನು ಶುದ್ಧಿಮಾಡುವ ವ್ಯವಸ್ಥೆ ಇವುಗಳನ್ನು ನಕ್ಷೆಯ ಮೊದಲ ಹಾಳೆಯಲ್ಲಿಯೇ ಕಾಣಿಸಬೇಕು. ಗದ್ದೆಯನ್ನು ಒಡೆದು ಕಟ್ಟುವುದಕ್ಕಿಂತ, ಈಗಾಗಲೇ ಇರುವ ಹಳೆಯ ಮನೆಯನ್ನು ಪಡೆದು ದುರಸ್ತಿ ಮಾಡಿಸುವುದು ಅನೇಕ ವೇಳೆ ಧರ್ಮಕ್ಕೂ ಹಿತ, ಕಿಸೆಗೂ ಹಿತ.

ಮೂರನೆಯ ಮಾತು: ನೆರೆಹೊರೆ ಯಾರು?

ಬಾಲಿಯಲ್ಲಿ ಪ್ರತಿ ಕೇರಿಗೂ 'ಬಂಜಾರ್' ಎಂಬ ಹತ್ತು ಸಮಸ್ತರ ಸಂಘವಿದೆ. ಮದುವೆ, ಶವಸಂಸ್ಕಾರ, ಗುಡಿಯ ಉತ್ಸವ ಎಲ್ಲವೂ ಅದರ ಮೂಲಕವೇ. ಮರದ ಗಂಟೆಯನ್ನು ಬಡಿದರೆ ಎಲ್ಲರೂ ಸೇರುತ್ತಾರೆ. ಸಂಪ್ರದಾಯದ ಗ್ರಾಮಗಳಿಗೆ ತಮ್ಮದೇ ಕಟ್ಟುಕಟ್ಟಳೆಗಳುಂಟು. ಸರ್ಕಾರವೂ ಅವನ್ನು ಮನ್ನಿಸುತ್ತದೆ. ಹೊಸದಾಗಿ ಬಂದವನು ಬಂಜಾರಿನ ಹಿರಿಯನನ್ನು ಕಂಡು, ಕೇರಿಯ ವಂತಿಗೆಯನ್ನು ಸಲ್ಲಿಸಿ, ಉತ್ಸವದ ದಿನ ದಾರಿ ಬಿಟ್ಟು ನಡೆದುಕೊಂಡರೆ ಅವನ ಮನೆಗೆ ಊರೇ ಕಾವಲು. ಎತ್ತರದ ಗೋಡೆಯ ಹಿಂದೆ ಅಡಗಿದವನಿಗೆ ದಿನವೂ ಒಂದು ತಕರಾರು.

ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಮಾರ್ಚಿ ತಿಂಗಳಿನಲ್ಲಿ ಬರುವ 'ನ್ಯೆಪಿ' ಎಂಬ ಮೌನದ ದಿನ ಇದಕ್ಕೆ ಒಳ್ಳೆಯ ಪರೀಕ್ಷೆ. ಅಂದು ಬೆಂಕಿಯಿಲ್ಲ, ದುಡಿಮೆಯಿಲ್ಲ, ಪಯಣವಿಲ್ಲ, ಮನರಂಜನೆಯಿಲ್ಲ. ವಿಮಾನ ನಿಲ್ದಾಣವೇ ಇಡೀ ದಿನ ಮುಚ್ಚಿರುತ್ತದೆ. ಪರದೇಶದಿಂದ ಬಂದವನೂ ಮನೆಯೊಳಗೇ ಇದ್ದು ದೀಪವನ್ನು ತಗ್ಗಿಸಬೇಕು. ಇದನ್ನು ಕಿರುಕುಳವೆಂದು ಬಗೆಯುವವನು ಅಲ್ಲಿ ಮನೆ ಮಾಡಬಾರದು.

ಕಟ್ಟಡದ ಎತ್ತರಕ್ಕೂ ಊರಿನ ಮರ್ಯಾದೆಯುಂಟು. 1966ರಲ್ಲಿ ಸಾನೂರಿನಲ್ಲಿ ಹತ್ತು ಅಂತಸ್ತಿನ ಹೋಟೆಲೊಂದು ಎದ್ದಿತು. ಅದನ್ನು ನೋಡಿ ಬೇಸತ್ತ ಮೇಲೆ, ತೆಂಗಿನ ಮರವನ್ನು ಮೀರಿ, ಅಂದರೆ ಸುಮಾರು 15 ಮೀಟರಿಗಿಂತ ಎತ್ತರಕ್ಕೆ, ಕಟ್ಟಬಾರದೆಂಬ ನಿಯಮ ಬಂದಿತು. 1994ರಲ್ಲಿ ಅಲ್ಲಿಯ ಹಿಂದೂ ಪರಿಷತ್ತು ದೇವಾಲಯಗಳ ಸುತ್ತ ಎಷ್ಟು ದೂರದವರೆಗೆ ಪಾವಿತ್ರ್ಯದ ವಲಯವಿರಬೇಕೆಂದು ಗೊತ್ತುಮಾಡಿತು. ಅತಿ ಮುಖ್ಯ ದೇವಾಲಯಗಳಿಗೆ ಅದು ಐದು ಕಿಲೋಮೀಟರ್. ಜಾಗ ನೋಡಲು ಹೋದವನು ಹತ್ತಿರದ ಗುಡಿ ಯಾವುದು ಎಂದು ಮೊದಲು ಕೇಳುವುದು ಜಾಣತನ.

ನಮ್ಮ ದೇಶದ ನಿಯಮಗಳು

ಭಾರತದಲ್ಲಿ ನೆಲೆಸಿದವರು ವಿದೇಶದಲ್ಲಿ ಮನೆ ಮಾಡಲು ಹಣ ಕಳಿಸುವುದಾದರೆ, ರಿಸರ್ವ್ ಬ್ಯಾಂಕಿನ ಯೋಜನೆಯ ಪ್ರಕಾರ ಒಬ್ಬರಿಗೆ ಒಂದು ಹಣಕಾಸು ವರ್ಷದಲ್ಲಿ ಎಲ್ಲ ಉದ್ದೇಶಗಳಿಗೂ ಸೇರಿ 2,50,000 ಡಾಲರಿನ ಮಿತಿಯಿದೆ. ಇಂಥ ಖರೀದಿಗೆ ಕಳಿಸುವ ಹಣಕ್ಕೆ ಬ್ಯಾಂಕು ಸಾಲ ಕೊಡುವಂತಿಲ್ಲ. ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಮೊತ್ತದ ಮೇಲೆ ಬ್ಯಾಂಕು ಶೇ. 20ರಷ್ಟು ತೆರಿಗೆಯನ್ನು ಮೊದಲೇ ವಸೂಲು ಮಾಡುತ್ತದೆ. ಅದನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು. ಆ ಆಸ್ತಿಯನ್ನು ಪ್ರತಿವರ್ಷ ತೆರಿಗೆ ವಿವರಪಟ್ಟಿಯಲ್ಲಿ ತೋರಿಸಬೇಕು. ಮುಚ್ಚಿಟ್ಟರೆ 2015ರ ಕಾಯಿದೆಯಂತೆ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶವಿದೆ. ಪರದೇಶದಲ್ಲಿ ನೆಲೆಸಿದ ಮಗ ಅಲ್ಲಿಯ ತನ್ನ ದುಡಿಮೆಯಿಂದ ಕೊಳ್ಳುವ ಮಾತು ಬೇರೆ. ಆದರೆ ಊರಿನ ಹೊಲ ಮಾರಿ ತಂದೆ ಹಣ ಕಳಿಸುವುದಾದರೆ ಈ ನಿಯಮಗಳೆಲ್ಲ ತಂದೆಯ ಕೊರಳಿಗೆ ಬರುತ್ತವೆ. ಆದ್ದರಿಂದ ಮೊದಲೇ ಒಬ್ಬ ಲೆಕ್ಕಪರಿಶೋಧಕರನ್ನು ಕಾಣುವುದು ಕ್ಷೇಮ.

ಕೊನೆಗೆ

ಹಾಗಾದರೆ ಬಾಲಿಯಲ್ಲಿ ಮನೆ ಮಾಡಲೇಬಾರದೇ? ಹಾಗೆ ಹೇಳುವುದು ನಮ್ಮ ಉದ್ದೇಶವಲ್ಲ. ದುಡಿದ ಹಣದಿಂದ, ನ್ಯಾಯದ ದಾರಿಯಲ್ಲಿ, ನೆರೆಯವರಿಗೆ ಕೇಡಾಗದಂತೆ ಮಾಡಿಕೊಂಡ ಮನೆ ಎಲ್ಲಿದ್ದರೂ ಶೋಭಿಸುತ್ತದೆ. ಆತುರ ಮಾತ್ರ ಬೇಡ. ಕೊಳ್ಳುವ ಮುನ್ನ ಒಂದು ಇಡೀ ಮಳೆಗಾಲ ಅಲ್ಲಿ ಬಾಡಿಗೆಗೆ ಇದ್ದು ನೋಡಲಿ. ಚಾವಣಿ ಎಲ್ಲಿ ಸೋರುತ್ತದೆ, ಬಾವಿಯ ನೀರು ಹೇಗಿದೆ, ಗಂಟೆ ಬಡಿದಾಗ ಕೇರಿಯವರು ಎಲ್ಲಿ ಸೇರುತ್ತಾರೆ ಎಂಬುದು ದಲ್ಲಾಳಿಯ ಚಿತ್ರಪಟದಲ್ಲಿ ಕಾಣುವುದಿಲ್ಲ.

ಬಾಲಿಯವರು ಮೂರು ಹಿತಗಳೆಂದು ಕರೆಯುವುದಕ್ಕೂ ಧಾರವಾಡದ ಕಡೆಯ ಆ ತಂದೆ ಕೇಳಿದ ಪ್ರಶ್ನೆಗಳಿಗೂ ದೂರದ ಅಂತರವೇನಿಲ್ಲ. ನೀರನ್ನು ಕೇಳಿದವನು ಪ್ರಕೃತಿಯನ್ನು ಕೇಳಿದ. ನೆರೆಹೊರೆಯನ್ನು ಕೇಳಿದವನು ಮನುಷ್ಯರನ್ನು ಕೇಳಿದ. ಭೂಮಿ ನಿಜಕ್ಕೂ ಯಾರದು ಎಂದು ಕೇಳಿದವನು, ಯಾರೂ ಅದರ ಕೊನೆಯ ಒಡೆಯರಲ್ಲ ಎಂಬುದನ್ನು ಅರಿಯದೆ ಇರಲಾರ. ಮಗನು ಈ ಮೂರಕ್ಕೂ ಉತ್ತರ ತಂದ ದಿನ ತಂದೆ ಸಂತೋಷದಿಂದ ಗೃಹಪ್ರವೇಶಕ್ಕೆ ಹೊರಡಲಿ. ಒಂದಕ್ಕೆ ಉತ್ತರ ದೊರೆಯದಿದ್ದರೂ, ಹಣ ಕೈಯಲ್ಲಿಯೇ ಉಳಿಯಲಿ. ಆ ಗದ್ದೆಯೂ ಅದರ ರೈತನ ಕೈಯಲ್ಲಿಯೇ ಉಳಿಯಲಿ.